ಬೆಣ್ಣೆಹಳ್ಳದ ನಡುವೆ ಒಂದು ‘ಬಿಡ್ರಿ’

ಹೋದ ವಾರ ರೋಣದ ಬಜಾರದಲ್ಲಿ ಬಟ್ಟೆ ಒಣಹಾಕುವ ಹಗ್ಗ ತರಲು ಹೋಗಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ. ಅಂಗಡಿಯ ಕಟ್ಟೆಯ ಮೇಲೆ ಸುರುಳಿ ಸುತ್ತಿಟ್ಟಿದ್ದ ಪುಂಡಿ ನಾರಿನ ಹಗ್ಗಗಳು ಇರಚಲಿಗೆ ತೊಯ್ದು ವಾಸನೆ ಬಿಡುತ್ತಿದ್ದವು. ಹಸಿ ನಾರು, ಕೆಸರು, ಎತ್ತಿನ ಮೈ ಕೂಡಿದಂಥ ವಾಸನೆ.

“ಯಾವುದು ಕೊಡ್ಲಿ ಟೀಚರ್ರ, ನೈಲಾನೋ ಪುಂಡಿನೋ? ನೈಲಾನ್ ಭಾಳ ದಿನ ಬಾಳತೈತಿ, ಪುಂಡಿ ಗಂಟು ಚಲೋ ಹಿಡಿತೈತಿ,” ಎಂದು ಅಂಗಡಿಯವರು ಎರಡರ ತುದಿಯನ್ನೂ ನನ್ನ ಕೈಗೆ ಕೊಟ್ಟರು. ಮುಷ್ಟಿ ತಾನಾಗಿ ಮುಚ್ಚಿಕೊಂಡಿತು. ಆ ಎರಡು ಥರದ ಹಗ್ಗವನ್ನು ಒಂದಕ್ಕೊಂದು ಗಂಟು ಹಾಕಿದ ಒಂದು ದಿನವನ್ನು ನಾನು ನೋಡಿದ್ದೇನೆ. ಗಂಟಿನ ಆ ಕಡೆ ಅರ್ಧ ಊರಿತ್ತು, ಈ ಕಡೆ ಇಬ್ಬರ ಜೀವ.

ಹಗ್ಗ ಕೊಳ್ಳದೆ ಬಂದೆ.

ಅದು ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಅಸೂಟಿಯ ಮನೆಗೆ ಮರಳಿದ್ದ ವರ್ಷ. ಮುಂಗಾರಿನಲ್ಲಿ ಬೆಳೆ ಸಮೀಕ್ಷೆಗೆ ಹಳ್ಳಿಯ ಓದಿದವರನ್ನು ತೆಗೆದುಕೊಳ್ಳುತ್ತಾರೆ. ಹೊಲಹೊಲಕ್ಕೆ ಹೋಗಿ ಮೊಬೈಲಿನಲ್ಲಿ ಬೆಳೆಯ ಫೋಟೋ ತೆಗೆದು ಕಳಿಸುವ ಕೆಲಸ. ನನ್ನ ಪಾಲಿಗೆ ಬಂದದ್ದು ಬೆಣ್ಣೆಹಳ್ಳದ ದಂಡೆಯ ಒಂದು ಊರು. ಊರು ಹಳ್ಳದ ಈಚೆ, ಹೊಲಗಳು ಹೆಚ್ಚಿನವು ಆಚೆ. ನಡುವೆ ತಗ್ಗಿನಲ್ಲಿ ಒಂದು ಸಣ್ಣ ಸೇತುವೆ. ಆ ವರ್ಷ ಶ್ರಾವಣಕ್ಕೆ ಹೆಸರುಬೆಳೆ ಕೈಗೆ ಬಂದಿತ್ತು. ಎರೆಹೊಲಗಳಲ್ಲಿ ಹೆಂಗಸರು ಸಾಲು ಹಿಡಿದು ಬಗ್ಗಿ ಕಾಯಿ ಬಿಡಿಸುತ್ತಿದ್ದರು. ದಿನಾ ಬೆಳಿಗ್ಗೆ ಅವರ ಟ್ರ್ಯಾಕ್ಟರಿನಲ್ಲೇ ಹೋಗಿ ಸಂಜೆ ಅದರಲ್ಲೇ ಬರುತ್ತಿದ್ದೆ.

ಬೆಣ್ಣೆಹಳ್ಳವನ್ನು ನೋಡದವರಿಗೆ ಅದರ ಹೆಸರು ಚಂದ ಕೇಳಿಸುತ್ತದೆ. ಬೇಸಿಗೆಯಲ್ಲಿ ಕುರಿಗಳು ಕಾಲು ತೋಯಿಸಿಕೊಳ್ಳದೆ ದಾಟುತ್ತವೆ. ಆದರೆ ಮೇಲೆ ಕುಂದಗೋಳದ ಕಡೆ ಮಳೆಯಾದರೆ ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ನೀರು ಬರುತ್ತದೆ. ಬರುವಾಗ ಎರೆಮಣ್ಣನ್ನು ಕಲಸಿಕೊಂಡೇ ಬರುತ್ತದೆ. ಅದರಲ್ಲಿ ಬಿದ್ದವರ ಸೀರೆ, ಪಂಚೆ ಮಣ್ಣು ಕುಡಿದು ಭಾರವಾಗಿ ಕೆಳಕ್ಕೆ ಎಳೆಯುತ್ತವೆ.

ಅದಕ್ಕೇ ಆ ಮಳೆಗಾಲಕ್ಕೆಂದು ದಂಡೆಯ ಬೇವಿನ ಗಿಡದ ಕೆಳಗೆ ಇಬ್ಬರು ಜೀವರಕ್ಷಕರನ್ನು ಇಟ್ಟಿದ್ದರು. ಒಬ್ಬ ಯಮನಪ್ಪ. ಮಲಪ್ರಭೆಯ ದಂಡೆಯವನು, ಬಲೆ ಬೀಸಿ ಮೀನು ಹಿಡಿಯುವ ಮನೆತನ, ನಲವತ್ತು ದಾಟಿತ್ತು, ಬಾಯಿ ಸುಮ್ಮನಿರುತ್ತಿರಲಿಲ್ಲ. ಇನ್ನೊಬ್ಬ ಬಸವರಾಜ. ಗಜೇಂದ್ರಗಡದ ತರುಣ, ತರಬೇತಿ ಪಡೆದು ಬಂದವನು, ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡುವವನು. ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್. ಊರವರಿಗೆ ಅದೊಂದು ತಮಾಷೆಯ ವಸ್ತುವಾಗಿತ್ತು.

“ಯಮನ್ನಽ ಜೀವರಕ್ಷಕನ್ನ ಮಾಡ್ಯಾರ ನೋಡ್ರಿ! ಏ ಯಮನಪ್ಪ, ನಮ್ಮ ಎಮ್ಮಿ ಹಗ್ಗ ಹರ್ಕೊಂಡು ಹಳ್ಳಕ್ಕ ಇಳದೈತಿ, ಅದರ ಜೀವಾನೂ ರಕ್ಷಿಸೋ ಮಾರಾಯಾ!”

“ಎಮ್ಮಿ ನನಗಿಂತ ಚಲೋ ಈಸ್ತೈತಿ,” ಎನ್ನುತ್ತಿದ್ದ ಯಮನಪ್ಪ. “ನಾ ಮುಳುಗಿದ್ರ ಅದರ ಬಾಲ ಹಿಡ್ಕೊಂಡು ದಂಡಿಗೆ ಬರ್ತೀನಿ. ಇಂವನ್ನ ನೋಡ್ರಿ, ಗಜೇಂದ್ರಗಡದಾಗ ಗುಡ್ಡದ ಮ್ಯಾಲ ಈಸು ಕಲ್ತಾನ!”

“ಗುಡ್ಡದ ಮ್ಯಾಲಲ್ಲ, ಕಲ್ಲಿನ ಕ್ವಾರಿಯೊಳಗ,” ಎನ್ನುತ್ತಿದ್ದ ಬಸವರಾಜ ನಗದೆ. “ನಿಮ್ಮ ಹೊಳಿಗೆ ತಳ ಆದ್ರೂ ಐತಿ.”

ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಫಕೀರಪ್ಪ. ಅವನ ಯಾವ ಮಾತೂ ‘ಬಿಡ್ರಿ’ ಇಲ್ಲದೆ ಮುಗಿಯುತ್ತಿರಲಿಲ್ಲ. ಆಕ್ಕೈತಿ ಬಿಡ್ರಿ, ಬರ್ತಾರ ಬಿಡ್ರಿ, ಅದೇನ್ ದೊಡ್ಡದಲ್ಲ ಬಿಡ್ರಿ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತೇ, ಚಿಂತೆ ಮಾಡಬೇಡಿ ಎನ್ನುವುದಕ್ಕೆ. ಅವನ ಬಾಯಲ್ಲಿ ಸ್ವಲ್ಪ ಹೆಚ್ಚು.

ಆ ದಿನ ಬೆಳಿಗ್ಗೆ ಸೇತುವೆ ಇಳಿಯುವ ಮೊದಲು ಯಮನಪ್ಪ ಟ್ರ್ಯಾಕ್ಟರಿಗೆ ಅಡ್ಡ ನಿಂತು ಹೇಳಿದ್ದ. “ಮ್ಯಾಲ ರಾತ್ರಿ ಜೋರು ಮಳಿ ಆಗೇತಂತ. ಮಧ್ಯಾಹ್ನದಾಗ ಹೊಳ್ಳಿ ಬಂದುಬಿಡ್ರಿ.” ಮೇಲೆ ನೋಡಿದೆವು. ತೊಳೆದ ಹಾಗೆ ನೀಲಿ ಆಕಾಶ. “ಒಂದು ಮೋಡ ಐತೇನ ನೋಡು,” ಎಂದ ಫಕೀರಪ್ಪ. ನಾನು, “ನಾವು ಬರೂದ್ರಾಗ ನೀರು ಬಂದ್ರ?” ಎಂದು ಕೇಳಿದೆ. “ಏನೂ ಆಗಂಗಿಲ್ಲ ಬಿಡ್ರಿ ಅಕ್ಕಾರ,” ಎಂದ.

ಮಧ್ಯಾಹ್ನಕ್ಕೆ ಹೊರಡಲಿಲ್ಲ. ಕಾಯಿ ಬಿಡಿಸುವುದು ಸ್ವಲ್ಪವೇ ಉಳಿದಿತ್ತು, ಇದೊಂದು ಸಾಲು, ಇದೊಂದು ಸಾಲು ಎಂದು ಹೊತ್ತು ಇಳಿಯಿತು. ಚೀಲಗಳನ್ನು ಟ್ರೇಲರಿಗೆ ಹೇರಿ ಹೊರಟಾಗ ಹಳ್ಳದಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಸೇತುವೆ ದಾಟಿದೆವು. ಅದು ಮುಗಿದು ಏರು ಶುರುವಾಗುವ ಕಡೆ ಹಿಂದಿನ ನೆರೆ ತಂದು ಸುರಿದಿದ್ದ ಗೋಡುಮಣ್ಣಿನಲ್ಲಿ ಟ್ರೇಲರಿನ ಗಾಲಿ ಹೂತುಕೊಂಡಿತು. ಎಷ್ಟು ಜಗ್ಗಿದರೂ ಮುಂದಿನ ಗಾಲಿ ಎದ್ದು ನಿಲ್ಲುತ್ತಿತ್ತೇ ಹೊರತು ಹಿಂದಿನದು ಕದಲಲಿಲ್ಲ. ಫಕೀರಪ್ಪ ಎಂಜಿನ್ ನಿಲ್ಲಿಸಿ ಕೆಸರಿನಲ್ಲಿ ಇಳಿದ. “ಇನ್ನೊಂದು ಟ್ರ್ಯಾಕ್ಟರ್ ತರ್ತೀನಿ. ನೀವು ಕೆಸರಾಗ ಯಾಕ ಇಳೀತೀರಿ, ಕುಂತಿರ್ರಿ ಬಿಡ್ರಿ.” ಕುಳಿತೆವು. ಟ್ರೇಲರಿನಲ್ಲಿ ನಾಲ್ವರು ಹೆಂಗಸರು ಮತ್ತು ನಾನು.

ಮೊದಲು ಬಂದದ್ದು ನೊರೆ. ಅದರ ಹಿಂದೆ ಜೋಳದ ಕಣಿಕೆಯ ತುಂಡುಗಳು, ಒಂದು ಚಪ್ಪಲಿ. ಆಮೇಲೆ ದೂರದಲ್ಲಿ ಲಾರಿಗಳ ಸಾಲು ಹೊರಟ ಹಾಗೆ ಸದ್ದು. ಗೋವಾದಲ್ಲಿ ಕಟ್ಟಡದ ಕೆಲಸ ಮಾಡಿ ಬಂದಿದ್ದ ರೇಣುಕಾ ಎದ್ದು ನಿಂತಳು. “ಯವ್ವಾ, ನೀರು!” ನಾನು ಸಮೀಕ್ಷೆಯ ಮೊಬೈಲಿನಿಂದ ತಾಲೂಕು ಕಚೇರಿಗೆ ಫೋನ್ ಹಚ್ಚಿ ಮಾತಾಡಿ ಮುಗಿಸುವುದರೊಳಗೆ ಗಾಲಿ ಮುಳುಗಿತ್ತು, ಇಳಿಯುವ ಹಾಗಿರಲಿಲ್ಲ. ಬೆಣ್ಣೆಹಳ್ಳ ಏರುವುದಕ್ಕಿಂತ ಹರಡುವುದು ಹೆಚ್ಚು. ನಾವಿದ್ದಲ್ಲಿಂದ ನಾಲ್ಕು ಹೆಜ್ಜೆಗಿದ್ದ ದಂಡೆ ಹಿಂದೆ ಹಿಂದೆ ಸರಿಯಿತು, ಸರಿದು ಸರಿದು ಬೇವಿನ ಗಿಡದ ಹತ್ತಿರಕ್ಕೆ ಹೋಯಿತು. ಅಲ್ಲಿ ಊರು ಸೇರಿತ್ತು. ಕಿತ್ತಳೆ ಜಾಕೆಟ್ಟುಗಳೆರಡು ಓಡಾಡುತ್ತಿದ್ದವು.

ನರಗುಂದದಿಂದ ದೋಣಿ ಹೊರಟಿದೆ ಎಂದು ಫೋನಿನಲ್ಲಿ ಹೇಳಿದ್ದರು. ಅದು ಬರುವವರೆಗೆ ಟ್ರೇಲರು ನಿಲ್ಲುವ ಹಾಗಿರಲಿಲ್ಲ. ಒಳಗೆ ನೀರು ಬಂದು ಹೆಸರಿನ ಚೀಲಗಳು ಒಂದೊಂದಾಗಿ ಎದ್ದು ತೇಲಿ ಹೋಗುತ್ತಿದ್ದವು. ಯಮನಪ್ಪ ಎದೆಗೆ ನೈಲಾನ್ ಹಗ್ಗ ಕಟ್ಟಿಕೊಂಡು, ಲಾರಿಯ ಟ್ಯೂಬು ಹಿಡಿದು, ಮೇಲ್ಗಡೆಯಿಂದ ನೀರಿಗಿಳಿದ. ಸೆಳವು ಅವನನ್ನು ಓರೆಯಾಗಿ ತಂದು ನಮ್ಮ ಟ್ರೇಲರಿಗೆ ಬಡಿಯಿತು. ಹಗ್ಗದ ಆ ತುದಿಯನ್ನು ಊರ ಗಂಡಸರು ಹಿಡಿದಿದ್ದರು, ಎಲ್ಲರ ಮುಂದೆ ಫಕೀರಪ್ಪ.

ನಮ್ಮ ಪೈಕಿ ಹಿರಿಯಳು ಗಂಗವ್ವ. ಕೂಲಿಗೆ ಹೆಂಗಸರನ್ನು ಕೂಡಿಸಿಕೊಂಡು ಹೋಗುವವಳು, ಮಾತಿಗೆ ಮುಲಾಜಿಲ್ಲ. ಯಮನಪ್ಪ ಮೊದಲು ಅವಳ ಕಡೆ ಕೈ ಚಾಚಿದ. “ಏ ಮುದುಕೀ, ಲಗೂ ಬಾ.”

“ಮುದುಕಿ ಯಾರಿಗಂತಿ? ನಿಮ್ಮೂರಾಗ ಹಿರೇರಿಗೆ ರೀ ಅನ್ನೂ ಪದ್ಧತಿ ಇಲ್ಲೇನ?”

ಆ ನೀರಿನಲ್ಲೂ ಯಮನಪ್ಪ ನಕ್ಕ. “ತಪ್ಪಾತ್ರೀ ಗಂಗಮ್ಮನವರ. ದಯಮಾಡಿ ಬರ್ರಿ.”

“ಮೊದಲ ಹುಡುಗ್ಯಾರು. ನಾ ಆಮ್ಯಾಲ.”

ರೇಣುಕಾ ಮೊದಲು ಹೋದಳು. ಟ್ಯೂಬಿನೊಳಗೆ ತೂರುವಾಗ ಹಲ್ಲು ಕಟಕಟ ಎನ್ನುತ್ತಿದ್ದರೂ, “ಸಮುದ್ರದ ನೀರು ಬಂದದ್ದು ಹೊಳ್ಳಿ ಆದ್ರೂ ಹೋಗ್ತೈತಿ,” ಎಂದಳು. ಅವಳ ನಂತರ ಉಳಿದ ಇಬ್ಬರನ್ನೂ ಒಬ್ಬೊಬ್ಬರಾಗಿ ಮುಟ್ಟಿಸಿದ. ಪ್ರತಿ ಸಲ ಹೊಳ್ಳಿ ಬರುವಾಗ ಅವನ ಮುಖ ಇನ್ನಷ್ಟು ಕಪ್ಪಿಟ್ಟಿರುತ್ತಿತ್ತು, ತುಟಿಯ ಮೇಲೆ ಮಣ್ಣು. ದಂಡೆ ಇನ್ನೂ ಹಿಂದೆ ಸರಿದು ಹಗ್ಗ ಸಾಲದಾಯಿತು. ಫಕೀರಪ್ಪ ತನ್ನ ಬಂಡಿಗೆ ಬಿಗಿಯುವ ಪುಂಡಿ ಹಗ್ಗ ತಂದು ನೈಲಾನಿನ ತುದಿಗೆ ಗಂಟು ಹಾಕಿದ. ಬಸವರಾಜ ಅದರ ಕೊನೆಯನ್ನು ಬೇವಿನ ಗಿಡಕ್ಕೆ ಕಟ್ಟಹೋದಾಗ, “ಇಷ್ಟು ಮಂದಿ ಹಿಡ್ಕೊಂಡೀವಿ, ಗಿಡಕ್ಕ್ಯಾಕ ಕಟ್ತೀಯೋ, ನಮ್ಮ ಮ್ಯಾಲ ನಂಬಿಗಿ ಇಲ್ಲೇನ?” ಎಂದು ಬೈದರಂತೆ. ಆದರೂ ಅವನು ಕಟ್ಟಿದನಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಕಂಡದ್ದು ನೀರು ಮತ್ತು ಅದರ ಮೇಲೆ ಬಿಗಿದು ನಿಂತ ಒಂದು ಗೆರೆ.

ಟ್ರೇಲರಿನಲ್ಲಿ ನಾನು ಮತ್ತು ಗಂಗವ್ವ ಉಳಿದೆವು. ಯಮನಪ್ಪ ಬಂದು ತನ್ನ ಜಾಕೆಟ್ ಬಿಚ್ಚಿ ಅವಳಿಗೆ ತೊಡಿಸಿದ. ಟ್ಯೂಬು ಅವಳ ಕಂಕುಳಿಗೆ ಬಂತು. ಅವನ ಎಡಗೈ ಅವಳ ನಡುವನ್ನು ಬಳಸಿತ್ತು. ಆದರೆ ಗಂಗವ್ವನ ಬಲಗೈ ಟ್ರೇಲರಿನ ಮೂಲೆಯ ಕಬ್ಬಿಣದ ಗೂಟ ಹಿಡಿದದ್ದು ಬಿಡಲಿಲ್ಲ. ಬೇಕೆಂದು ಹಿಡಿದದ್ದಲ್ಲ. ಆ ಕೈ ಅವಳ ಮಾತನ್ನೇ ಕೇಳುತ್ತಿರಲಿಲ್ಲ.

ಆಗ ಟ್ರೇಲರು ವಾಲಿತು. ಟ್ರ್ಯಾಕ್ಟರಿನ ಕೊಂಡಿ ಕಿರ್ರೆಂದಿತು. ನೀರಿನ ಹೊಡೆತವೆಲ್ಲ ಯಮನಪ್ಪನ ಬೆನ್ನಿಗೆ ಬಂತು. ಎದೆಯ ಹಗ್ಗ ಬಿಗಿಯಾಗಿದ್ದರಷ್ಟೇ ಅವನು ಅಲ್ಲಿ ನಿಲ್ಲಬಲ್ಲ. ಅವನು ಗಂಗವ್ವನ ಕಿವಿಯ ಹತ್ತಿರ, “ಕೈ ಬಿಡ್ರಿ!” ಎಂದು ಕೂಗಿದ. ಅದೇ ಉಸಿರಿನಲ್ಲಿ ದಂಡೆಯ ಕಡೆ ತಿರುಗಿ, “ಬಿಡಬ್ಯಾಡ್ರಿ!” ಎಂದು ಕೂಗಿದ.

ಎರಡೂ ಮಾತು ನನಗೆ ಪೂರ್ತಿ ಕೇಳಿದವು. ನಾನು ಅವನಿಂದ ಒಂದು ತೋಳಿನ ದೂರದಲ್ಲಿದ್ದೆ. ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದ ಗಂಗವ್ವನಿಗೆ ಮುಟ್ಟಿದ್ದು ‘ಬಿಡಬ್ಯಾಡ್ರಿ’. ಅವಳು ಗೂಟವನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡಳು. ದಂಡೆಗೆ ಮುಟ್ಟಿದ್ದು ‘ಬಿಡ್ರಿ’.

ನಮ್ಮ ಭಾಷೆಯಲ್ಲಿ ಬೇಡ ಎನ್ನುವುದು ಮಾತಿನ ಬಾಲಕ್ಕೆ ಬರುತ್ತದೆ. ನೀರು ಆ ಬಾಲವನ್ನು ತಿಂದುಹಾಕಿತ್ತು. ಅವನು ಗಂಗವ್ವನಿಗೆ ಮೊದಲಿನ ಹಾಗೆ ‘ಕೈ ಬಿಡು ಮುದುಕಿ’ ಎಂದಿದ್ದರೆ ದಂಡೆಯವರು ಅದು ತಮಗಲ್ಲ ಎಂದುಕೊಳ್ಳುತ್ತಿದ್ದರು. ಒಬ್ಬಳಿಗೆ ಕೊಟ್ಟ ಗೌರವವೂ ಹತ್ತು ಜನರಿಗೆ ಹೇಳಿದ ಮಾತೂ ನಮ್ಮಲ್ಲಿ ಒಂದೇ ‘ರಿ’. ಇದನ್ನೆಲ್ಲ ಈಗ ಕುಳಿತು ಯೋಚಿಸುತ್ತೇನೆ. ಆಗ ನೋಡಿದ್ದು ಇಷ್ಟು: ಅಷ್ಟು ಹೊತ್ತು ಸೆಟೆದು ನಿಂತಿದ್ದ ಹಗ್ಗ ಒಮ್ಮೆಲೇ ನೀರಿನ ಮೇಲೆ ಸಡಿಲಾಗಿ ಬಿತ್ತು.

“ಬಿಡಬ್ಯಾಡ್ರಿ!” ಎಂದು ನಾನೂ ಕೂಗಿದೆ. ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡೆ. ನನ್ನದೂ ಅರ್ಧವೇ ಮುಟ್ಟುತ್ತಿದೆಯಲ್ಲ ಎಂದು ಹೊಳೆದಿತ್ತು. ಕೈ ಬೀಸಿದೆ. ಕೈ ಬೀಸುವುದೂ ‘ಹೋಗಲಿ, ಬಿಡ್ರಿ’ ಎಂದ ಹಾಗೇ ಕಾಣುತ್ತದೆ.

ಯಮನಪ್ಪನ ಕಾಲು ನೆಲ ಬಿಟ್ಟಿತು. ಅವನು ಗಂಗವ್ವನನ್ನು ಬಿಡಲಿಲ್ಲ, ಗಂಗವ್ವನ ಕೈ ಗೂಟದಿಂದ ಕಿತ್ತು ಬಂತು. ಇಬ್ಬರೂ ನನ್ನ ಮುಂದಿನಿಂದ ಹೋದರು. ಗಂಗವ್ವನ ಮುಖ ನನ್ನ ಕಡೆ ಇತ್ತು, ಬಾಯಿ ತೆರೆದಿತ್ತು. ಹಗ್ಗ ಗಂಡಸರ ಅಂಗೈ ಸುಡುತ್ತ ಓಡಿ ಬೇವಿನ ಗಿಡಕ್ಕೆ ಕಟ್ಟಿದ್ದ ಕೊನೆಯವರೆಗೆ ಹೋಗಿ ಫಟ್ಟನೆ ಬಿಗಿಯಿತು. ಆ ಹೊಡೆತಕ್ಕೆ ಗಂಟು ಬಿಚ್ಚಿತು. ಪುಂಡಿಯ ಹಗ್ಗ ದಂಡೆಯಲ್ಲೇ ಉಳಿಯಿತು, ನೈಲಾನು ಯಮನಪ್ಪನ ಹಿಂದೆ ಹೋಯಿತು.

ಟ್ರೇಲರಿನಲ್ಲಿ ನಾನೊಬ್ಬಳೇ. ನೀರು ತೊಡೆಯ ಮಟ್ಟ. ಕೆಳಗೆ ತಿರುವಿನಲ್ಲಿ ಜಾಲಿಯ ಪೊದೆಗಳ ತುದಿಗಳು ಮಾತ್ರ ಕಾಣುತ್ತಿದ್ದವು. ಅಲ್ಲಿ ಕಿತ್ತಳೆ ಬಣ್ಣ ಒಮ್ಮೆ ಎದ್ದಿತು, ಮುಳುಗಿತು, ಮತ್ತೆ ಎದ್ದಿತು. ಅದು ಗಂಗವ್ವ. ಅವಳ ಹತ್ತಿರ ಇನ್ನೊಂದು ತಲೆಗಾಗಿ ನೋಡಿದೆ. ಇರಲಿಲ್ಲ. ಜಾಕೆಟ್ ಅವನು ಅವಳಿಗೆ ಕೊಟ್ಟಿದ್ದ.

ದಂಡೆಯಲ್ಲಿ ಬಸವರಾಜ ಗಿಡದ ಹಗ್ಗ ಬಿಚ್ಚಿ ತನ್ನ ನಡುವಿಗೆ ಸುತ್ತಿಕೊಂಡು ತಿರುವಿನ ಕಡೆ ಓಡುತ್ತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಫಕೀರಪ್ಪ ತನ್ನ ಸೊಂಟಕ್ಕೇ ಕಟ್ಟಿಕೊಂಡು ಹಿಂದೆ ಓಡುತ್ತಿದ್ದ. “ಅಂವಾ ಹೋದ್ರ ನಾನೂ ಹೋಗ್ತೀನಿ,” ಎಂದನಂತೆ. ಬಸವರಾಜ ಅವನ ಮುಖದ ಮುಂದೆ ಮುಷ್ಟಿ ಹಿಡಿದು, “ಮಾತು ಕೇಳಬ್ಯಾಡ. ಕೈ ನೋಡು. ಹಿಂಗಿದ್ರ ಹಿಡಿ,” ಎಂದು ನೀರಿಗೆ ಬಿದ್ದನಂತೆ.

ಮೊದಲು ಗಂಗವ್ವನನ್ನು ಎಳೆದು ತಂದ. ಮತ್ತೆ ಹೋದ. ಪೊದೆಯ ಒಳಗೆ ಹೊಕ್ಕವನು ಬಹಳ ಹೊತ್ತು ಹೊರಗೆ ಬರಲಿಲ್ಲ. ನೀರಿನ ಮೇಲೆ ಅವನ ಒಂದು ಕೈ ಮಾತ್ರ ಇತ್ತು, ಮುಚ್ಚಿದ ಮುಷ್ಟಿ. ಈಗಲೂ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ಯಾರಾದರೂ ಕೈ ಎತ್ತಿದರೆ ನನಗೆ ಆ ಮುಷ್ಟಿ ಕಾಣುತ್ತದೆ. ಅದು ಬಿಚ್ಚಿಕೊಳ್ಳುವುದೋ, ಮುಳುಗುವುದೋ ಎಂದು ನೋಡುತ್ತ ನಿಲ್ಲುತ್ತೇನೆ. ಮಕ್ಕಳು “ಮಿಸ್, ಮಿಸ್” ಎನ್ನುತ್ತಾರೆ.

ಅದು ಮುಳುಗಲಿಲ್ಲ. ದಂಡೆಯವರು ಜಗ್ಗಿದರು. ಬಸವರಾಜನ ಹಿಂದೆ ಯಮನಪ್ಪ ಬಂದ. ಗಂಟು ಬಿಚ್ಚಿ ಹೋಗಿದ್ದ ನೈಲಾನ್ ಹಗ್ಗ ಜಾಲಿಗೆ ಸುತ್ತಿಕೊಂಡು ಅವನನ್ನು ಮೂಗಿನ ಮಟ್ಟಕ್ಕೆ ಹಿಡಿದು ನಿಲ್ಲಿಸಿತ್ತು. ಮೈತುಂಬ ಮುಳ್ಳು, ಬಲಭುಜ ಜಾಗ ಬಿಟ್ಟು ಜೋತುಬಿದ್ದಿತ್ತು. ಸ್ವಲ್ಪ ಹೊತ್ತಿಗೆ ನರಗುಂದದ ದೋಣಿ ಬಂತು, ನನ್ನನ್ನು ಇಳಿಸಿಕೊಂಡಿತು. ದಂಡೆಗೆ ಕಾಲಿಟ್ಟಾಗ ಯಮನಪ್ಪನನ್ನು ದವಾಖಾನೆಗೆ ಒಯ್ಯಲು ಜೀಪಿಗೆ ಹತ್ತಿಸುತ್ತಿದ್ದರು. ಪಕ್ಕದಲ್ಲಿ ಫಕೀರಪ್ಪ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಚರ್ಮ ಎದ್ದಿತ್ತು. “ಬಿಡ್ರಿ ಅಂದಂಗ ಕೇಳ್ತು,” ಎಂದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. “ಖರೇನ ಅಕ್ಕಾರ, ಬಿಡ್ರಿ ಅಂದಂಗ ಕೇಳ್ತು.” ಅವನ ಹಿಂದೆ ನಿಂತ ಅಷ್ಟೂ ಗಂಡಸರು ತಲೆಯಾಡಿಸಿದರು.

ಆಮೇಲೆ ಆ ಮಳೆಗಾಲವೆಲ್ಲ ನಾನು ಅದೇ ಊರಿನಲ್ಲಿ ಸಮೀಕ್ಷೆ ಮಾಡಿದೆ. ಹಳ್ಳ ಇಳಿದು, ಗೋಡಿನ ಮೇಲೆ ಬಿಸಿಲು ಬಿದ್ದು, ನೆಲ ಬಾಯಿಬಿಟ್ಟಿತು. ಫಕೀರಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಿದರೂ “ಆಕ್ಕೈತಿ…” ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ. ಆ ಮಾತಿನ ಜಾಗ ಖಾಲಿ ಇರುತ್ತಿತ್ತು, ಕೇಳುವವರಿಗೂ ಗೊತ್ತಾಗುತ್ತಿತ್ತು.

ರಾಜ್ಯೋತ್ಸವದ ದಿನ ರೋಣದ ಮೈದಾನದಲ್ಲಿ ಇಬ್ಬರಿಗೂ ಸನ್ಮಾನ ಇಟ್ಟುಕೊಂಡರು. ಹಳ್ಳದ ಊರಿನಿಂದ ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಫಕೀರಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ. ವೇದಿಕೆಯ ಮೇಲೆ ಬಸವರಾಜ ಕಂಬದ ಹಾಗೆ ನಿಂತಿದ್ದ. ಯಮನಪ್ಪ ಜಾಕೆಟ್ ತೊಟ್ಟೇ ಬಂದಿದ್ದ. ಅವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬಲೆ ಬೀಸುವ ಕೈ ಅದು. ಮೊದಲಿನಂತೆ ಆಗುವುದು ಕಷ್ಟ ಎಂದು ದವಾಖಾನೆಯಲ್ಲಿ ಹೇಳಿದ್ದರಂತೆ. ಶಾಲು ಹೊದಿಸುವಾಗ ಎಡಗೈಯಿಂದಲೇ ಸರಿಮಾಡಿಕೊಂಡ.

“ಪ್ರಾಣದ ಹಂಗು ತೊರೆದು ಕಾಪಾಡಿದ ವೀರರು,” ಎಂದು ಮುಖ್ಯ ಅತಿಥಿಗಳು ಮೈಕಿನಲ್ಲಿ ಹೇಳಿದರು. ಯಮನಪ್ಪ ಬಸವರಾಜನ ಕಡೆ ಬಾಗಿ, ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಮೈಕಿಗೇ ಕೇಳುವ ಹಾಗೆ ಹೇಳಿದ: “ಯಾಂವ ತೊರದಿದ್ದ? ಜಾಲಿಕಂಟಿ ಹಲ್ಲಾಗ ಕಚ್ಚಿ ಹಿಡಿದಿದ್ದೆ!” ಮೈದಾನವೆಲ್ಲ ನಕ್ಕಿತು.

ಕಾಪಾಡಿಸಿಕೊಂಡವರ ಪರವಾಗಿ ಗಂಗವ್ವನನ್ನು ಹಾರ ಹಾಕಲು ಕರೆದರು. ಅವಳು ಹಾರ ಹಾಕಿ ಇಳಿದು ಬರಲಿಲ್ಲ. ಯಮನಪ್ಪನ ಬಲ ಮಣಿಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು. “ಇನ್ನ ಮ್ಯಾಲ ನನಗ ರೀ ಅಂದ್ರ ನೋಡು,” ಎಂದಳು. “ಮುದುಕಿ ಅನ್ನು.”

“ಆತು ಮುದುಕೀ,” ಎಂದ ಯಮನಪ್ಪ.

ಫೋಟೋದವನು ಮುಂದೆ ಬಂದ. ಅವನಿಗೆ ಸನ್ಮಾನಿತರ ಫೋಟೋ ಬೇಕಿತ್ತು, ನಡುವೆ ಗಂಗವ್ವ ಅಡ್ಡ. ಒಂದು ಸಲ ಕೈಸನ್ನೆ ಮಾಡಿದ. ಎರಡನೇ ಸಲ ಜೋರಾಗಿ ಕೂಗಿದ. “ಅಜ್ಜಿ, ಅವರ ಕೈ ಬಿಡ್ರಿ!”

ಮುಂದಿನ ಸಾಲಿನಲ್ಲಿ ರೇಣುಕಾ ತಟ್ಟನೆ ಪಕ್ಕದವಳ ತೋಳು ಹಿಡಿದದ್ದು ಕಂಡಿತು. ನನ್ನ ಉಗುರು ಅಂಗೈಗೆ ಚುಚ್ಚಿತು. ಪಕ್ಕದ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಫಕೀರಪ್ಪ ಎದ್ದು ನಿಂತಿದ್ದ. ಮುಷ್ಟಿ ಮುಚ್ಚಿದ ಕೈಯನ್ನು ತಲೆಯ ಮೇಲೆ ಎತ್ತಿದ್ದ.

“ಬಿಡಬ್ಯಾಡ್ರೀ!”

ನೀರಿರಲಿಲ್ಲ, ಗಾಳಿ ಇರಲಿಲ್ಲ. ಮಾತು ತಲೆಯಿಂದ ಬಾಲದವರೆಗೆ ಪೂರ್ತಿ ಹೋಗಿ ವೇದಿಕೆಗೆ ಮುಟ್ಟಿತು. ಅತಿಥಿಗಳ ಕಡೆಯವರಿಗೆ ಏನೂ ತಿಳಿಯಲಿಲ್ಲ, ಯಾರೋ ನಕ್ಕರು. ಯಮನಪ್ಪ ದನಿ ಬಂದ ಕಡೆ ನೋಡಿದ. ಆಮೇಲೆ ಎಡಗೈ ಎತ್ತಿ, ಫಕೀರಪ್ಪನಿಗೆ ಕಾಣುವ ಹಾಗೆ, ಮುಷ್ಟಿ ಮುಚ್ಚಿ ತೋರಿಸಿದ.

ಗಂಗವ್ವ ಬಿಡಲಿಲ್ಲ. ಫೋಟೋ ಹಾಗೆಯೇ ಬಂತು.